ಪಿಟೀಲು, ಪೇಟಿ ಮತ್ತು ಇಂಗ್ಲಿಷಿನ ನುಡಿಗಟ್ಟು

ಪರಭಾಷೆಯನ್ನು ಕಲಿಯುವವನಿಗೆ ಅದರ ವ್ಯಾಕರಣ ಅಷ್ಟಾಗಿ ತೊಡಕಾಗುವುದಿಲ್ಲ, ತೊಡಕಾಗುವುದು ನುಡಿಗಟ್ಟು. ವ್ಯಾಕರಣಕ್ಕೆ ಸೂತ್ರವುಂಟು, ನುಡಿಗಟ್ಟಿಗೆ ಇರುವುದು ಇತಿಹಾಸ ಮಾತ್ರ. 'ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ' ಎಂಬ ನಮ್ಮ ಮಾತನ್ನು ನಿಘಂಟು ಹಿಡಿದು ಬಿಡಿಸಹೊರಟ ಪರದೇಶದವನಿಗೆ ಒಂದು ಕೋಣ ಸಿಕ್ಕೀತು, ಒಂದು ಕಿನ್ನರಿಯೂ ಸಿಕ್ಕೀತು. ಮಾತಿನ ಹುರುಳು ಮಾತ್ರ ಸಿಕ್ಕದು. ಇಂಗ್ಲಿಷಿನ ಮುಂದೆ ನಮ್ಮ ಹುಡುಗರ ಪಾಡೂ ಇದೇ ಆಗಿದೆ.

ನಾನು ಕನ್ನಡ ಪಾಠ ಹೇಳುವವನು. ಇಂಗ್ಲಿಷಿನ ವಿಚಾರ ನನಗೇಕೆಂದು ವಾಚಕರು ಕೇಳಬಹುದು. ಯಾದಗಿರಿ ತಾಲ್ಲೂಕಿನ ರಾಮಸಮುದ್ರ ಮತ್ತು ಅದರಂಥ ಊರುಗಳಿಂದ ಕಾಲೇಜಿಗೆ ಬರುವ ಮಕ್ಕಳು ತಮ್ಮ ಇಂಗ್ಲಿಷಿನ ಕಷ್ಟವನ್ನು ಹೇಳಿಕೊಳ್ಳುವುದು ಹೆಚ್ಚಾಗಿ ಕನ್ನಡದ ಮೇಷ್ಟರ ಬಳಿಯಲ್ಲಿಯೇ. ಈ ಸೀಮೆಯಲ್ಲಿ ಆ ಕಷ್ಟಕ್ಕೆ ಹಳೆಯ ಬೇರುಗಳಿವೆ. ೧೯೪೮ರ ವರೆಗೆ ಇದು ನಿಜಾಮರ ರಾಜ್ಯ. ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿ. ಮನೆಯ ಕನ್ನಡದಿಂದ ಹೊರಟವನು ಉರ್ದುವನ್ನು ದಾಟಿ ಇಂಗ್ಲಿಷನ್ನು ಮುಟ್ಟಬೇಕಾಗಿತ್ತು. ಅಜ್ಜನಿಗೆ ಸಿಕ್ಕದ ಭಾಷೆ ಮೊಮ್ಮಗನಿಗೆ ಸುಲಭವಾಗಿ ದಕ್ಕದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಳ್ಳಿಯ ಹುಡುಗ ನಡುವೆ ಓದು ಬಿಡುವುದು ಎಷ್ಟೋ ಸಲ ದಡ್ಡತನದಿಂದಲ್ಲ, ನಾಚಿಕೆಯಿಂದ. ಆ ನಾಚಿಕೆಯನ್ನು ಕಳೆಯುವ ದಾರಿಗಳಲ್ಲಿ ಸಂಗೀತದ ಇತಿಹಾಸವೂ ಒಂದೆಂದು ನನಗೆ ತೋರಿದೆ.

ಈ ದಾರಿಯಲ್ಲಿ ಮೊದಲು ನಡೆದವನು ಇಂಗ್ಲಿಷನ್ನು ಕಲಿಯಹೊರಟ ಕನ್ನಡಿಗನಲ್ಲ. ನಮ್ಮ ಮಾತುಗಳನ್ನು ಕಲಿಯಹೊರಟ ಆಂಗ್ಲನೊಬ್ಬ. ಯಾದಗಿರಿಯಿಂದ ಶಹಾಪುರದ ಮೇಲೆ ಹೋದರೆ ಸುರಪುರ. ಅಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆ ಇಂದಿಗೂ ನಿಂತಿದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ಪ್ರಾಯದಲ್ಲಿ ಮುಂಬಯಿಗೆ ಬಂದು, ನಿಜಾಮರ ಸೇವೆಗೆ ಸೇರಿ, ಸುರಪುರ ಸಂಸ್ಥಾನದ ಆಡಳಿತವನ್ನು ೧೮೫೩ರ ವರೆಗೆ ನೋಡಿಕೊಂಡವನು. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಆ ರಾಜನೇ ಮುಂದೆ ಬ್ರಿಟಿಷರ ವಿರುದ್ಧ ಎದ್ದು ೧೮೫೮ರಲ್ಲಿ ದುರಂತದ ಅಂತ್ಯವನ್ನು ಕಂಡುದು ನಮ್ಮ ಜನಕ್ಕೆಲ್ಲ ತಿಳಿದ ಕತೆ.

ಟೇಲರನ ಕಾದಂಬರಿಗಳನ್ನು ಬಲ್ಲವರಿಗೂ ತಿಳಿಯದ ಒಂದು ಬರಹವುಂಟು. ನಿವೃತ್ತನಾಗಿ ಐರ್ಲೆಂಡಿನಲ್ಲಿ ನೆಲಸಿದ ಮೇಲೆ, ಕರ್ನಲ್ ಫ್ರೆಂಚ್ ಎಂಬವನು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಕೊಟ್ಟ ಭಾರತೀಯ ವಾದ್ಯಗಳಿಗೆ ಅವನು ವಿವರಣೆಯ ಪಟ್ಟಿಯೊಂದನ್ನು ಬರೆದ. ಅಕಾಡೆಮಿಯ ನಡವಳಿಗಳಲ್ಲಿ ೧೮೬೦ರ ದಶಕದಲ್ಲಿ ಅಚ್ಚಾದ ಈ ಬರಹವನ್ನು ಕಲಕತ್ತೆಯ ಸೌರೀಂದ್ರಮೋಹನ ಠಾಕೂರರು ಮುಂದೆ ತಮ್ಮ ಸಂಗೀತ ಸಂಕಲನದಲ್ಲಿ ಸೇರಿಸಿಕೊಂಡರು. ಕೊಂಬು ಕಹಳೆಗಳ, ಚರ್ಮವಾದ್ಯಗಳ, ತಂತಿವಾದ್ಯಗಳ ದೇಶೀ ಹೆಸರುಗಳನ್ನು ಟೇಲರ್ ತನ್ನ ಲಿಪಿಯಲ್ಲಿ ಕಷ್ಟಪಟ್ಟು ಬರೆದುಕೊಂಡಿದ್ದಾನೆ. ಹೆಸರಿನಲ್ಲಿಯೇ ನಿಲ್ಲದೆ, ಅವು ಯಾವ ಸಂದರ್ಭದಲ್ಲಿ ನುಡಿಯುವವೆಂಬುದನ್ನೂ ಹೇಳಿದ್ದಾನೆ. ಶಬ್ದವನ್ನು ಅದರ ಬಾಳುವೆಯೊಡನೆ ಕಲಿಯುವುದೆಂದರೆ ಇದೇ. ಅವನು ನಮ್ಮ ಶಬ್ದಗಳಿಗೆ ಮಾಡಿದುದನ್ನು ನಾವು ಅವನ ಭಾಷೆಯ ಶಬ್ದಗಳಿಗೆ ಏಕೆ ಮಾಡಬಾರದು?

ಹಾಗೆ ನೋಡಹೊರಟರೆ ಮೊದಲು ಕಾಣುವ ಸಂಗತಿ, ಸಂಗೀತದ ಮಟ್ಟಿಗೆ ಇಂಗ್ಲಿಷು ದೊಡ್ಡ ಸಾಲಗಾರ ಭಾಷೆ ಎಂಬುದು. ಸೋಲೋ, ಟೆಂಪೋ, ಒಪೆರಾ, ಪಿಯಾನೋ, ಇವೆಲ್ಲ ಇಟಲಿಯ ಮಾತುಗಳು. ೧೭೦೦ರ ಸುಮಾರಿಗೆ ಫ್ಲಾರೆನ್ಸಿನ ಕ್ರಿಸ್ಟೋಫೋರಿ ಮೆಲ್ಲಗೂ ಜೋರಾಗಿಯೂ ನುಡಿಯಬಲ್ಲ ಮನೆಗಳುಳ್ಳ ವಾದ್ಯವೊಂದನ್ನು ಮಾಡಿದ. 'ಮೆಲ್ಲಗೆ-ಜೋರಾಗಿ' ಎಂದೇ ಅರ್ಥ ಬರುವ ಪಿಯಾನೋಫೋರ್ಟೆ ಎಂಬುದು ಅದರ ಹೆಸರಾಯಿತು. ಬಾಯಿಂದ ಬಾಯಿಗೆ ಸವೆದು 'ಮೆಲ್ಲಗೆ' ಎಂಬಷ್ಟೇ ಉಳಿಯಿತು. 'ಕ್ರೆಸೆಂಡೋ' ಎಂದರೆ ಏರುತ್ತ ಹೋಗುವುದು. ಅದನ್ನು ಏರಿ ಮುಟ್ಟಿದ ತುದಿಯೆಂದು ಇಂಗ್ಲಿಷರೇ ಬಳಸುತ್ತಾರೆ. ಅವರು ತಪ್ಪಿದಲ್ಲಿ ನಮ್ಮ ಹುಡುಗ ತಪ್ಪಿದರೆ ತಲೆ ತಗ್ಗಿಸಬೇಕಾದುದೇನೂ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಗೀದೋ ಎಂಬ ಸಂನ್ಯಾಸಿ ಹಾಡುವ ಹುಡುಗರ ಅನುಕೂಲಕ್ಕಾಗಿ ಒಂದು ಸ್ತೋತ್ರದ ಸಾಲುಗಳ ಮೊದಲಕ್ಷರಗಳನ್ನು ಆರಿಸಿ 'ಉತ್ ರೆ ಮಿ ಫಾ ಸೋಲ್ ಲಾ' ಎಂದು ಸ್ವರಗಳಿಗೆ ಹೆಸರಿಟ್ಟ. ಅತ್ಯಂತ ಕೆಳಗಿನ ಸ್ವರಕ್ಕೆ ಗ್ರೀಕರ 'ಗಾಮಾ' ಅಕ್ಷರ ಗುರುತಾಗಿತ್ತು. ಗಾಮಾ, ಉತ್ ಎರಡೂ ಕೂಡಿ 'ಗ್ಯಾಮಟ್' ಆಯಿತು. ಒಂದು ವಿಷಯದ ಈ ತುದಿಯಿಂದ ಆ ತುದಿಯ ವರೆಗೆ ಎಂಬ ಅರ್ಥದಲ್ಲಿ ಇಂಗ್ಲಿಷಿನವರು ಇಂದಿಗೂ ಆ ಮಾತನ್ನಾಡುತ್ತಾರೆ. ಸರಿಗಮ ಕಲಿತವನಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. 'ಸ್ಕೇಲ್' ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಏಣಿ ಎಂದರ್ಥ. ನಮ್ಮ ಆರೋಹಣವೂ ಏರುವುದೇ. 'ಟೋನ್' ಎಂಬುದು 'ಬಿಗಿಯಾಗಿ ಎಳೆಯುವುದು' ಎಂಬರ್ಥದ ಗ್ರೀಕ್ ಶಬ್ದ. ಅದೂ, ನಮ್ಮ ತಾನ ಮತ್ತು ತಂತಿಗಳ ಮೂಲವಾದ ಸಂಸ್ಕೃತದ 'ತನ್' ಧಾತುವೂ ಒಂದೇ ಬೇರಿನವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಪರಿಚಿತನೆಂದು ಭಾವಿಸಿದವನು ದೂರದ ದಾಯಾದಿಯಾಗಿ ನಿಲ್ಲುತ್ತಾನೆ.

ಸಾಲವನ್ನು ನಾವೂ ಮಾಡಿದ್ದೇವೆ, ಮರ್ಯಾದೆಯಿಂದಲೇ ಮಾಡಿದ್ದೇವೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪೆನಿಯ ಬ್ಯಾಂಡು ಬಾರಿಸುತ್ತಿದ್ದ ಕಾಲದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅದರ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಇಂಗ್ಲಿಷಿನ 'ನೋಟ್' ಅಲ್ಲಿ 'ನೊಟ್ಟು' ಆಗಿ, ಆ ರಚನೆಗಳು ನೊಟ್ಟುಸ್ವರಗಳೆನಿಸಿದವು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ಗುರುವಿನಿಂದ ವಯೊಲಿನ್ ಕಲಿತರು. ಫಿಡಲ್ ನಮ್ಮಲ್ಲಿ ಪಿಟೀಲಾಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಗಮಕವನ್ನು ಕಲಿತು, ಕಚೇರಿಗೆ ಅನಿವಾರ್ಯವಾಯಿತು.

ಇದನ್ನು ತಿಳಿದವನಿಗೆ 'ಸೆಕೆಂಡ್ ಫಿಡಲ್ ನುಡಿಸುವುದು' ಎಂಬ ಮಾತು ಬೇಗ ಹತ್ತುತ್ತದೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲುಗಳದು ಎರಡು ಪಂಗಡ. ಎರಡನೆಯದು ಮೊದಲನೆಯದಕ್ಕೆ ಅಧೀನ. ಆದುದರಿಂದ ಇನ್ನೊಬ್ಬನ ಕೆಳಗೆ ಇರುವುದೆಂದು ಅರ್ಥವಾಯಿತು. ನಮ್ಮ ಪಕ್ಕವಾದ್ಯದವನಾದರೋ ಗಾಯಕನ ಆಲಾಪನೆ ಮುಗಿದ ಕೂಡಲೇ ತಾನೊಂದು ಆಲಾಪನೆ ಮಾಡಿ ಸಭೆಯ ಮೆಚ್ಚುಗೆ ಗಳಿಸುತ್ತಾನೆ. ಎರಡು ನಾಡುಗಳ ಸಭಾಪದ್ಧತಿಯ ಅಂತರ ಒಂದು ನುಡಿಗಟ್ಟಿನಲ್ಲಿ ಅಡಗಿದೆ.

ಪೇಟಿಯ ವಿಷಯ ಇದಕ್ಕಿಂತ ಸ್ವಾರಸ್ಯವಾದುದು. ಪ್ಯಾರಿಸಿನ ಡಿಬೆನ್ ೧೮೪೨ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ನಮ್ಮ ಸೀಮೆಯಲ್ಲಿ 'ಪೇಟಿ'ಯಾಗಿ ನಾಟಕದ ಕಂಪೆನಿಗಳನ್ನೂ ಭಜನೆಯ ಗುಡಿಗಳನ್ನೂ ಹೊಕ್ಕಿತು. 'ಪುಲ್ ಔಟ್ ಆಲ್ ದ ಸ್ಟಾಪ್ಸ್' ಎಂದರೆ ಶಕ್ತಿಮೀರಿ ಪ್ರಯತ್ನಿಸುವುದೆಂದು ಗೈಡುಗಳು ಹೇಳುತ್ತವೆ. ನಿಲ್ಲಿಸುವುದಕ್ಕೂ ಪ್ರಯತ್ನಕ್ಕೂ ಏನು ಸಂಬಂಧವೆಂದು ರಾಮಸಮುದ್ರದ ಕಡೆಯ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ. ಅವನು ಭಜನೆಗೆ ಪೇಟಿ ಬಾರಿಸುವವನು. ಬಾರಿಸುವ ಮೊದಲು ಏನು ಮಾಡುತ್ತೀ ಎಂದೆ. "ಮುಂದಿನ ಗುಂಡಿ ಜಗ್ಗತೀನ್ರೀ ಸರ್" ಎಂದ. ಎಲ್ಲವನ್ನೂ ಜಗ್ಗಿದರೆ? "ಗುಡಿ ತುಂಬ ಧ್ವನಿ ಆಗತೈತ್ರೀ" ಎಂದು ಅರ್ಧಕ್ಕೇ ನಕ್ಕುಬಿಟ್ಟ. ಉತ್ತರ ಅವನ ಕೈಯಲ್ಲಿಯೇ ಇತ್ತು. ಇಗರ್ಜಿಯ ದೊಡ್ಡ ಆರ್ಗನ್ನಿನಲ್ಲಿ ಕೊಳವೆಗಳ ಸಾಲುಗಳಿಗೆ ಗಾಳಿಯನ್ನು ತಡೆದು ಬಿಡುವ ಗುಂಡಿಗಳೇ ಸ್ಟಾಪುಗಳು. ಎಲ್ಲವನ್ನೂ ಎಳೆದರೆ ವಾದ್ಯ ತನ್ನ ಪೂರ್ಣ ಶಕ್ತಿಯಿಂದ ಮೊಳಗುತ್ತದೆ.

'ಪೈಪರನಿಗೆ ಹಣ ಕೊಡುವವನೇ ಮಟ್ಟನ್ನು ಹೇಳುವನು' ಎಂಬುದು ಅವರ ಇನ್ನೊಂದು ಗಾದೆ. ಇದರ ಹಿಂದಿನ ಬಾಳು ಎಂಥದೆಂಬುದನ್ನು ಹೈಡನ್ನನ ಜೀವನದಲ್ಲಿ ನೋಡಬಹುದು. ೧೭೬೧ರಲ್ಲಿ ಎಸ್ಟರ್‌ಹಾಜಿ ಮನೆತನದೊಡನೆ ಅವನು ಮಾಡಿಕೊಂಡ ಕರಾರಿನಂತೆ ಆಳುಗಳ ಸಮವಸ್ತ್ರವನ್ನು ತೊಡಬೇಕು, ದೊರೆ ಕೇಳಿದುದನ್ನು ರಚಿಸಬೇಕು, ರಚಿಸಿದುದನ್ನು ಹೊರಗೆ ಕೊಡಕೂಡದು. ೧೭೭೨ರಲ್ಲಿ ದೊರೆ ಬೇಸಗೆಯ ಅರಮನೆಯಿಂದ ಹಿಂದಿರುಗುವ ಮಾತನ್ನೇ ಎತ್ತದಿರಲು, ಹೆಂಡಿರು ಮಕ್ಕಳನ್ನು ಬಿಟ್ಟುಬಂದ ವಾದ್ಯಗಾರರಿಗಾಗಿ ಹೈಡನ್ ಒಂದು ಸಿಂಫನಿಯನ್ನು ರಚಿಸಿದ. ಅದರ ಕೊನೆಯಲ್ಲಿ ಒಬ್ಬೊಬ್ಬನೇ ನುಡಿಸುವುದನ್ನು ನಿಲ್ಲಿಸಿ ಎದ್ದು ಹೋಗಿ ಎರಡು ಪಿಟೀಲುಗಳು ಮಾತ್ರ ಉಳಿಯುತ್ತವೆ. ಹಣ ಕೊಟ್ಟವನಿಗೂ ಮಟ್ಟಿನಿಂದಲೇ ಉತ್ತರ ಹೇಳಬಹುದೆಂಬುದಕ್ಕೆ ಇದು ಸಾಕ್ಷಿ.

ಹಣ ಕೊಟ್ಟವರಲ್ಲಿ ನಮ್ಮವರೂ ಇದ್ದರು. ರಿಚರ್ಡ್ ಸ್ಟ್ರಾಸ್ ೧೯೪೮ರಲ್ಲಿ ರಚಿಸಿದ 'ಕೊನೆಯ ನಾಲ್ಕು ಹಾಡುಗಳು', ಅವನು ಕಣ್ಮುಚ್ಚಿದ ಮೇಲೆ, ೧೯೫೦ರ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಅದರ ವೆಚ್ಚಕ್ಕೆ ಒತ್ತಾಸೆಯಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ಇಂಥ ಕೊನೆಯ ಕೃತಿಯನ್ನು ಇಂಗ್ಲಿಷಿನಲ್ಲಿ 'ಸ್ವಾನ್ ಸಾಂಗ್' ಎನ್ನುತ್ತಾರೆ; ಹಂಸ ಸಾಯುವ ಮುನ್ನ ಹಾಡುವುದೆಂದು ಗ್ರೀಕರ ನಂಬಿಕೆ. ನಮ್ಮ ಕವಿಗಳ ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುವ ವಿವೇಕಿ. ಆದರೂ ತ. ರಾ. ಸು. ತಮ್ಮ ಚಿತ್ರದುರ್ಗದ ಗಾಯಕನ ಕಾದಂಬರಿಗೆ 'ಹಂಸಗೀತೆ' ಎಂದು ಹೆಸರಿಟ್ಟರು, ೧೯೭೫ರಲ್ಲಿ ಜಿ. ವಿ. ಅಯ್ಯರ್ ಅದನ್ನು ಚಲನಚಿತ್ರವಾಗಿಸಿದರು. ಅದನ್ನು ಓದಿದ, ನೋಡಿದ ಕನ್ನಡಿಗನಿಗೆ ಇಂಗ್ಲಿಷಿನ ಈ ಮಾತು ಆಗಲೇ ಪರಿಚಿತ.

ನಮ್ಮ ಪರೀಕ್ಷೆಗಳು ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತವೆ. ಪರೀಕ್ಷೆ ಮುಗಿದ ಮರುದಿನ ಪಟ್ಟಿ ಮರೆತುಹೋಗುತ್ತದೆ. ಅದರ ಬದಲು, ಇಂಗ್ಲಿಷಿನ ಒಂದು ಮಾತಿಗೆ ನಮ್ಮ ಒಂದು ಮಾತನ್ನು ಎದುರಿಟ್ಟು ಪಾಠ ಹೇಳುವುದಾಗಲಿ. ಅವರು ಮಟ್ಟನ್ನು ಬದಲಿಸಿದರೆ ನಾವು ರಾಗ ಬದಲಿಸುತ್ತೇವೆ. ಅವರೂ ನಾವೂ ತಂತಮ್ಮ ತುತ್ತೂರಿಯನ್ನು ಊದಿಕೊಳ್ಳುತ್ತೇವೆ. ಹೊಂದದವರ ನಡುವೆ ನಮಗೆ ಶ್ರುತಿ ಸೇರದು, ಅವರಿಗೆ ಟ್ಯೂನ್ ತಪ್ಪುವುದು. ಇದಕ್ಕೆ ಬೇಕಾದುದು ದೊಡ್ಡ ಪುಸ್ತಕಭಂಡಾರವಲ್ಲ. ಕನ್ನಡದ ಮೇಷ್ಟರೂ ಇಂಗ್ಲಿಷಿನ ಮೇಷ್ಟರೂ ವಾರಕ್ಕೊಂದು ಗಂಟೆ ಒಂದೇ ಕೊಠಡಿಯಲ್ಲಿ ಕುಳಿತರೆ ಸಾಕು. ಗುಡಿಯ ಪೇಟಿಯನ್ನು ಅಲ್ಲಿಗೆ ತರಲು ಹುಡುಗರು ನಾಚದಂತಾದರೆ, ಇಂಗ್ಲಿಷನ್ನಾಡಲು ಅವರಿಗಿರುವ ನಾಚಿಕೆಯೂ ಬಹುಮಟ್ಟಿಗೆ ಕಳೆದಂತೆಯೇ.