‘ಗ್ಯಾಸು ಹೋಗಿದೆ’ ಎಂಬ ಮಾತಿನ ಹಿಂದಿನ ಚರಿತ್ರೆ

ಮನೆಯ ಫ್ರಿಜ್ಜು ತಂಪು ಮಾಡುವುದನ್ನು ನಿಲ್ಲಿಸಿದಾಗ ರಿಪೇರಿಗೆ ಬಂದವರು ಬಹುಮಟ್ಟಿಗೆ ಹೇಳುವ ಮಾತು ಒಂದೇ: ‘ಗ್ಯಾಸು ಹೋಗಿದೆ ಸಾರ್, ತುಂಬಿಸಬೇಕು.’ ಅಡುಗೆಯ ಸಿಲಿಂಡರಿನಂತೆ ಅದೂ ಬಳಸಿದಷ್ಟು ಮುಗಿಯುವ ವಸ್ತುವೆಂದು ನಂಬಿ ನಾವು ಹಣ ತೆರುತ್ತೇವೆ. ವಾಸ್ತವವಾಗಿ ಅದು ಮುಗಿಯುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ತೂತಾಗಿದೆ ಎಂದೇ ಅರ್ಥ. ಈ ತೂತಿನ ಕಥೆ ಕುತೂಹಲಕರವಾದದ್ದು. ಸ್ವಲ್ಪ ಭಯಂಕರವಾದದ್ದೂ ಹೌದು.

ಶಾಲೆಯಲ್ಲಿ ಈ ಪಾಠ ಮಾಡುವಾಗ ಮಕ್ಕಳ ಅಂಗೈಯ ಮೇಲೆ ಒಂದು ಹನಿ ಸ್ಪಿರಿಟ್ ಹಾಕಿ ಊದಿಸುತ್ತಿದ್ದೆ. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಫ್ರಿಜ್ಜಿನ ಗುಟ್ಟು ಇಷ್ಟೇ. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್, ಗಾಳಿ ತೆಗೆದ ಪಾತ್ರೆಯಲ್ಲಿ ಈಥರನ್ನು ಆವಿಯಾಗಿಸಿ ನೀರನ್ನು ಹೆಪ್ಪುಗಟ್ಟಿಸಿದ ಪ್ರಯೋಗವನ್ನು 1756ರಲ್ಲಿ ಪ್ರಕಟಿಸಿದನು. ಆವಿಯನ್ನು ಮತ್ತೆ ಒತ್ತಿ ದ್ರವವಾಗಿಸಿ ಪುನಃ ಪುನಃ ಬಳಸುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದದ್ದು 1834ರಲ್ಲಿ. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ತಂದು, ಬೆನ್ನಿನ ಕಪ್ಪು ಜಾಲರಿಯ ಮೂಲಕ ಅಡುಗೆಮನೆಗೆ ಚೆಲ್ಲುವ ಹಮಾಲಿಯೇ ಈ ಗ್ಯಾಸು.

ಹಮಾಲಿ ಯಾರಾಗಬೇಕು ಎಂಬುದೇ ಮುಂದಿನ ತೊಡಕು. 1920ರ ದಶಕದಲ್ಲಿ ಅಮೆರಿಕದ ಅಡುಗೆಮನೆಗಳಿಗೆ ವಿದ್ಯುತ್ ಫ್ರಿಜ್ಜು ಕಾಲಿಟ್ಟಾಗ ಅದರ ಕೊಳವೆಗಳಲ್ಲಿ ಹರಿಯುತ್ತಿದ್ದುದು ಗಂಧಕದ ಡೈ ಆಕ್ಸೈಡ್, ಅಮೋನಿಯ, ಇಲ್ಲವೇ ಮೀಥೈಲ್ ಕ್ಲೋರೈಡ್. ಎಲ್ಲವೂ ವಿಷವೇ. ಮೊದಲಿನೆರಡಕ್ಕೆ ಒಂದು ಸದ್ಗುಣವಿತ್ತು: ಸೋರಿದರೆ ಘಾಟು ತಡೆಯಲಾರದೆ ಮನೆಯವರು ಹೊರಗೆ ಓಡುತ್ತಿದ್ದರು. ಮೀಥೈಲ್ ಕ್ಲೋರೈಡಿನ ವಾಸನೆಯಾದರೋ ನವಿರು. ಮಲಗಿದವರನ್ನು ಅದು ಎಚ್ಚರಿಸುತ್ತಿರಲಿಲ್ಲ. 1929ರ ಸುಮಾರಿಗೆ ಶಿಕಾಗೋ ನಗರದಲ್ಲಿ ಹಾಗೆ ಹಲವರು ಸತ್ತರು.

ಬರ್ಲಿನ್ನಿನಲ್ಲಿಯೂ ಫ್ರಿಜ್ಜು ಸೋರಿ ಒಂದು ಕುಟುಂಬವೇ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆಲ್ಬರ್ಟ್ ಐನ್‌ಸ್ಟೈನ್ ಕಳವಳಗೊಂಡರೆಂದು ಅವರ ಸಮಕಾಲೀನರು ನೆನೆದಿದ್ದಾರೆ. ಸೋರುವುದು ಚಲಿಸುವ ಭಾಗಗಳ ಸಂದಿಗಳಲ್ಲಿ. ಚಲಿಸುವ ಭಾಗಗಳೇ ಇಲ್ಲದಿದ್ದರೆ? ಸಾಪೇಕ್ಷತಾ ಸಿದ್ಧಾಂತದ ಕರ್ತೃ ತಮ್ಮ ಕಿರಿಯ ಗೆಳೆಯ ಲಿಯೋ ಸಿಲಾರ್ಡ್ ಜೊತೆಗೂಡಿ ಹಲವು ವರ್ಷ ಇದರಲ್ಲಿ ತೊಡಗಿದರು. ಅವರ ವಿನ್ಯಾಸಕ್ಕೆ 1930ರ ನವೆಂಬರಿನಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು. ಆದರೆ ಆ ಫ್ರಿಜ್ಜು ಮಾರುಕಟ್ಟೆಗೆ ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ಬೇರೊಬ್ಬರು ಸುಲಭೋಪಾಯ ಹುಡುಕಿದ್ದರು: ಯಂತ್ರವನ್ನಲ್ಲ, ಗ್ಯಾಸನ್ನೇ ಬದಲಿಸುವುದು.

ಅವರೇ ಥಾಮಸ್ ಮಿಜ್ಲಿ. (ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕೊಟ್ಟವರೂ ಇವರೇ, ಒಬ್ಬನೇ ಮನುಷ್ಯ ಎರಡು ಬಾರಿ ಜಗತ್ತಿನ ಗಾಳಿಯನ್ನು ಕೆಡಿಸಿದ ಉದಾಹರಣೆ ಇನ್ನೊಂದಿರಲಾರದು.) 1928ರಲ್ಲಿ ಅವರ ತಂಡ ಸಿದ್ಧಪಡಿಸಿದ, ‘ಫ್ರಿಯಾನ್’ ಎಂದು ಹೆಸರಾದ ಆರ್-12, ವಿಷವಲ್ಲ, ಉರಿಯುವುದಿಲ್ಲ, ನಾರುವುದೂ ಇಲ್ಲ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಜ್ಲಿ ಅದನ್ನು ಎದೆತುಂಬ ಉಸಿರೆಳೆದು, ಮೆಲ್ಲಗೆ ಹೊರಬಿಟ್ಟು ಉರಿಯುವ ಮೋಂಬತ್ತಿಯನ್ನು ಆರಿಸಿ ತೋರಿಸಿದರಂತೆ.

ಅಂದಿನಿಂದ ಸೋರಿಕೆ ಮೌನವಾಯಿತು. ಫ್ರೀಜರಿನ ಮಂಜನ್ನು ಚಾಕುವಿನಿಂದ ಕೆರೆಯುವಾಗ ಅಲ್ಯೂಮಿನಿಯಂ ತಗಡು ತೂತಾದರೆ ‘ಸುಸ್’ ಎಂಬ ಒಂದು ಸದ್ದು, ಅಷ್ಟೇ. ಯಾರೂ ಕೆಮ್ಮುವುದಿಲ್ಲ, ಯಾರೂ ಓಡುವುದಿಲ್ಲ. ಹಾನಿಯಿಲ್ಲವೆಂದ ಮೇಲೆ ತೂತು ಹುಡುಕುವ ಶ್ರಮವೇಕೆ? ಮತ್ತೆ ತುಂಬಿದರಾಯಿತು. ಈ ಅಭ್ಯಾಸ ಬೇರೂರಿದ್ದು ಹೀಗೆಯೇ ಎಂದು ನನ್ನ ಎಣಿಕೆ. ಆದರೆ ಹೊರಹೋದ ಗ್ಯಾಸು ಸುಮಾರು ನೂರು ವರ್ಷ ಕೆಡದೆ ಉಳಿದು ಮೇಲೇರುತ್ತಿತ್ತು. ಅದರ ಕ್ಲೋರಿನ್ ಓಜೋನ್ ಪದರವನ್ನು ತಿನ್ನಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಬರೆದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ವಿಪರೀತ ತೆಳುವಾಗಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ವರದಿ ಮಾಡಿದರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಬಳಿಕ ಬಂದ ಆರ್-134ಎ ಓಜೋನಿಗೆ ನಿರಪಾಯಕಾರಿ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಆದ್ದರಿಂದ ಈಗಿನ ಬಹಳಷ್ಟು ಮನೆಯ ಫ್ರಿಜ್ಜುಗಳಲ್ಲಿರುವುದು ಐಸೋಬ್ಯೂಟೇನ್, ಅಂದರೆ ಆರ್-600ಎ. ಇದು ನಮ್ಮ ಅಡುಗೆ ಅನಿಲದ ದಾಯಾದಿ, ಉರಿಯುವಂಥದು.

ಇದನ್ನೆಲ್ಲ ತಿಳಿದಮೇಲೆ ‘ಗ್ಯಾಸು ಹೋಗಿದೆ’ ಎಂಬ ತೀರ್ಪನ್ನು ಸುಮ್ಮನೆ ಒಪ್ಪಬಾರದು. ಕಂಪ್ರೆಸರ್ ಸದ್ದನ್ನೇ ಮಾಡದಿದ್ದರೆ ಮೊದಲು ಪ್ಲಗ್ಗು, ಥರ್ಮೋಸ್ಟಾಟ್, ರಿಲೇಗಳನ್ನು ಸಂಶಯಿಸಬೇಕು, ಗ್ಯಾಸನ್ನಲ್ಲ. ಓಡುತ್ತಿದ್ದು, ಹಿಂಬದಿಯ ಜಾಲರಿ (ಹೊಸ ಮಾದರಿಗಳಲ್ಲಿ ಪಕ್ಕದ ಗೋಡೆಗಳು) ಚೆನ್ನಾಗಿ ಬಿಸಿಯಾಗಿದ್ದರೆ ಹಮಾಲಿ ಕೆಲಸ ಮಾಡುತ್ತಿದ್ದಾನೆಂದೇ ಲೆಕ್ಕ. ಧೂಳು, ಗೋಡೆಗೆ ಅಂಟಿಸಿ ನಿಲ್ಲಿಸಿದ್ದು, ಸಡಿಲವಾದ ಬಾಗಿಲ ರಬ್ಬರು ಇವನ್ನು ನೋಡಬೇಕು. ಫ್ರಾಸ್ಟ್-ಫ್ರೀ ಮಾದರಿಯಲ್ಲಿ ಒಳಹಲಗೆಯ ಹಿಂದೆ ಮಂಜು ಕಟ್ಟಿ ಗಾಳಿ ಹರಿಯದೆ ಹೋಗುವುದೂ ಉಂಟು. ಬಿಡುವಿಲ್ಲದೆ ಓಡಿದರೂ ಜಾಲರಿ ತಣ್ಣಗಿದ್ದು, ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟಿದ್ದರೆ ಆಗ ಸೋರಿಕೆಯ ಮಾತನ್ನು ಕೇಳಬಹುದು.

ಕೇಳುವಾಗಲೂ ಕಂಪ್ರೆಸರಿನ ಮೇಲಿನ ಚೀಟಿಯನ್ನು ಓದಿರಿ. ಆರ್-600ಎ ಎಂದಿದ್ದರೆ, ಬೆಸುಗೆಯ ಜ್ವಾಲೆ ಹಚ್ಚುವ ಮೊದಲು ಉಳಿದ ಗ್ಯಾಸನ್ನು ಸುರಕ್ಷಿತವಾಗಿ ತೆಗೆದಿರಬೇಕು, ಕಿಟಕಿ ಬಾಗಿಲು ತೆರೆದಿರಬೇಕು, ಒಲೆ ಆರಿರಬೇಕು. ತೂತು ಎಲ್ಲಿತ್ತೆಂದು ತೋರಿಸಲು ಹೇಳಿರಿ. ಈ ಗ್ಯಾಸು ಹಿಡಿಸುವುದು ಕೆಲವು ಹತ್ತು ಗ್ರಾಮುಗಳಷ್ಟೇ, ತೂಗಿಯೇ ತುಂಬಬೇಕು. ಬಂದವರ ಚೀಲದಲ್ಲಿ ತಕ್ಕಡಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿರಿ.