ಎಣಿಕೆಯ ಭಾರ: ‘ಸ್ಟೆಲ್ಲಾರಿಸ್’ ಎಂಬ ಗಣಕಕ್ರೀಡೆಯಲ್ಲಿ ಕೊನೆಗಾಲದ ಮಂದಗತಿ

ಸಾಮ್ರಾಜ್ಯಗಳ ಅವನತಿಗೆ ಇತಿಹಾಸಕಾರರು ನಾನಾ ಕಾರಣಗಳನ್ನು ಹೇಳುತ್ತ ಬಂದಿದ್ದಾರೆ. ಹೊರಗಣ ದಾಳಿ, ಒಳಗಣ ಕಲಹ, ಬರಿದಾದ ಬೊಕ್ಕಸ ಇವು ಎಲ್ಲರಿಗೂ ತಿಳಿದವು. ಆದರೆ ತನ್ನ ಪ್ರಜೆಗಳನ್ನು ಎಣಿಸುವ ಕೆಲಸದ ಭಾರಕ್ಕೇ ಕಾಲವು ಕುಂಟತೊಡಗುವ ಸಾಮ್ರಾಜ್ಯವೊಂದುಂಟು. ಅದು ಇರುವುದು ಗಣಕಯಂತ್ರದೊಳಗೆ. ಆ ವಿಚಿತ್ರ ಸಂಗತಿಯನ್ನು ನಾವು ಈ ಲೇಖನದಲ್ಲಿ ಪರಿಶೀಲಿಸಹೊರಟಿದ್ದೇವೆ. ವಿಷಯವು ಆಟಕ್ಕೆ ಸಂಬಂಧಿಸಿದುದೆಂದು ವಿದ್ವಾಂಸರು ಇದನ್ನು ಕಡೆಗಣಿಸಬೇಕಾಗಿಲ್ಲ.

ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿರುವ ಪ್ಯಾರಡಾಕ್ಸ್ ಸಂಸ್ಥೆಯು ‘ಸ್ಟೆಲ್ಲಾರಿಸ್’ ಎಂಬ ಕ್ರೀಡೆಯನ್ನು 2016ನೆಯ ಇಸವಿ ಮೇ 9ರಂದು ಹೊರತಂದಿತು. ಆಟದ ಪಂಚಾಂಗವು 2200ನೆಯ ವರ್ಷದಿಂದ ಮೊದಲಾಗುತ್ತದೆ. ಅತಿ ದೊಡ್ಡ ಆಟದಲ್ಲಿ ಸಾವಿರ ನಕ್ಷತ್ರಗಳು. ಅವುಗಳ ನಡುವೆ ಹಲವು ರಾಜ್ಯಗಳು ಬೆಳೆಯುತ್ತವೆ, ಕಾದಾಡುತ್ತವೆ, ಒಪ್ಪಂದ ಮಾಡಿಕೊಳ್ಳುತ್ತವೆ. ಮೊದಲ ಅರ್ಧಶತಮಾನವು ಸರಸರನೆ ಸಾಗುತ್ತದೆ. 2400ನೆಯ ವರ್ಷದ ಸುಮಾರಿಗೆ, ಅಂದರೆ ಆಟವು ಕೊನೆಯ ಘಟ್ಟವನ್ನು ಮುಟ್ಟುವಾಗ, ಅದೇ ಯಂತ್ರದಲ್ಲಿ ಒಂದೊಂದು ದಿನವೂ ಎಳೆದಾಡುತ್ತದೆ.

ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ ‘ಫೋರ್ ಎಕ್ಸ್’ ಎಂಬ ಹೆಸರುಂಟು. ಶೋಧಿಸುವುದು, ವಿಸ್ತರಿಸುವುದು, ಸಂಪತ್ತನ್ನು ಬಳಸಿಕೊಳ್ಳುವುದು, ಶತ್ರುವನ್ನು ನಿರ್ಮೂಲಗೊಳಿಸುವುದು ಎಂಬ ನಾಲ್ಕು ಕ್ರಿಯೆಗಳನ್ನು ಅದು ಸೂಚಿಸುತ್ತದೆ. 1993ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಎಂಬ ಆಟವನ್ನು ಪರಿಚಯಿಸುತ್ತ ಅಲನ್ ಎಮ್ರಿಕ್ ಎಂಬ ಲೇಖಕರು ಈ ಹೆಸರನ್ನಿಟ್ಟರು. ಆ ಆಟದಲ್ಲಿ ಚದುರಂಗದಂತೆ ಸರದಿಯಿತ್ತು. ಲೆಕ್ಕ ಹೆಚ್ಚಾದರೆ ಎರಡು ಸರದಿಗಳ ನಡುವೆ ತುಸು ಕಾಯಬೇಕಾಗುತ್ತಿತ್ತು, ಅಷ್ಟೆ. ‘ಸ್ಟೆಲ್ಲಾರಿಸ್’ನಲ್ಲಾದರೋ ಸರದಿಯಿಲ್ಲ, ದಿನಗಳು ಎಲ್ಲರಿಗೂ ಒಟ್ಟಿಗೆ ಉರುಳುತ್ತವೆ. ಆದಕಾರಣ ಇಲ್ಲಿ ಲೆಕ್ಕದ ಭಾರವು ಕಾಲದ ಮೇಲೆಯೇ ಬೀಳುತ್ತದೆ.

ಈ ಮಂದಗತಿಗೆ ನಕ್ಷತ್ರಗಳನ್ನೂ ನೌಕೆಗಳನ್ನೂ ತೋರಿಸುವ ಚಿತ್ರಗಳ ವೈಭವವೇ ಕಾರಣವೆಂದು ಹಲವರು ಭಾವಿಸುವುದುಂಟು. ಇದು ಬಹುಮಟ್ಟಿಗೆ ತಪ್ಪು. ಭಾರ ಬೀಳುವುದು ಮುಖ್ಯವಾಗಿ ಲೆಕ್ಕ ಮಾಡುವ ಪ್ರೊಸೆಸರಿನ ಮೇಲೆ. ಹತ್ತು ರಾಜ್ಯಗಳಿದ್ದರೆ ಅವುಗಳ ನಡುವೆ 45 ಜೋಡಿ ಸಂಬಂಧಗಳು, ಮೂವತ್ತಿದ್ದರೆ 435. ರಾಜ್ಯಗಳು ಮೂರು ಪಟ್ಟಾದರೆ ಸಂಬಂಧಗಳು ಒಂಬತ್ತು ಪಟ್ಟಿಗಿಂತಲೂ ಹೆಚ್ಚಾಗುತ್ತವೆ. ಪ್ರಜೆಗಳಿಗೆ ಉದ್ಯೋಗ ಹುಡುಕುವ, ನೌಕೆಗಳಿಗೆ ದಾರಿ ಹುಡುಕುವ ಲೆಕ್ಕಗಳಲ್ಲಿಯೂ ಇದೇ ತೆರನಾದ ಗುಣಾಕಾರವಿದೆ.

ಹಾಗಾದರೆ ಬಲವಾದ ಯಂತ್ರವನ್ನು ಕೊಂಡರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಸುಮಾರು 2005ರಿಂದೀಚೆಗೆ ಪ್ರೊಸೆಸರಿನ ಒಂದೊಂದು ಕೋರಿನ ವೇಗವು ಹಿಂದಿನಂತೆ ಏರಲಿಲ್ಲ. ಅದರ ಬದಲು ಕೋರುಗಳ ಸಂಖ್ಯೆ ಏರಿತು. ಹಲವರು ಹಂಚಿಕೊಂಡು ಮಾಡಬಹುದಾದ ಕೆಲಸಕ್ಕೆ ಮಾತ್ರ ಇದರಿಂದ ಪ್ರಯೋಜನ. ಕೆಲಸದ ಹತ್ತರಲ್ಲೊಂದು ಪಾಲು ಒಂದರ ಹಿಂದೊಂದಾಗಿಯೇ ನಡೆಯಬೇಕಾಗಿದ್ದರೆ, ಎಷ್ಟು ಕೋರುಗಳಿದ್ದರೂ ಒಟ್ಟು ವೇಗವು ಹತ್ತು ಪಟ್ಟನ್ನು ಮೀರದು. ಜೀನ್ ಅಮ್ದಾಲ್ ಅವರು 1967ರಲ್ಲಿಯೇ ಈ ಮಿತಿಯನ್ನು ಎತ್ತಿ ತೋರಿಸಿದ್ದರು. ಇದಲ್ಲದೆ, ಹಲವರು ಕೂಡಿ ಆಡುವಾಗ ಎಲ್ಲರ ಯಂತ್ರಗಳಲ್ಲಿಯೂ ಲೆಕ್ಕವು ಒಂದೇ ಉತ್ತರಕ್ಕೆ ಬರಬೇಕು; ಇಲ್ಲವಾದರೆ ಒಬ್ಬನ ಜಗತ್ತು ಇನ್ನೊಬ್ಬನ ಜಗತ್ತಿನಿಂದ ಬೇರೆಯಾಗಿಬಿಡುತ್ತದೆ. ಕೆಲಸವನ್ನು ಹಂಚುವುದಕ್ಕೆ ಇದೂ ಒಂದು ತೊಡಕು.

ಇನ್ನು ಪ್ರಕೃತ ಇತಿಹಾಸಕ್ಕೆ ಬರೋಣ. ಈ ಆಟದಲ್ಲಿ ಜನಸಂಖ್ಯೆಯ ಘಟಕಕ್ಕೆ ‘ಪಾಪ್’ ಎಂದು ಹೆಸರು. ಮೊದಲ ಘಟ್ಟದಲ್ಲಿ ಪ್ರತಿಯೊಂದು ಗ್ರಹವನ್ನೂ ಚೌಕಗಳಾಗಿ ವಿಂಗಡಿಸಿದ್ದರು. ಚೌಕಕ್ಕೊಂದು ಪಾಪ್, ಗ್ರಹಕ್ಕೆ ಹೆಚ್ಚೆಂದರೆ 25. ಚೌಕಗಳೇ ಜನಸಂಖ್ಯೆಗೆ ಅಣೆಕಟ್ಟಿನಂತಿದ್ದವು. 2018ರ ಡಿಸೆಂಬರಿನಲ್ಲಿ, ಲೇಖಕಿ ಲೆ ಗ್ವಿನ್ ಅವರ ಹೆಸರನ್ನು ಹೊತ್ತು ಬಂದ 2.2ನೆಯ ಪರಿಷ್ಕರಣವು ಈ ಅಣೆಕಟ್ಟನ್ನು ಒಡೆಯಿತು. ಚೌಕಗಳು ಹೋಗಿ ಜಿಲ್ಲೆಗಳೂ ಉದ್ಯೋಗಗಳೂ ಬಂದವು. ಯಾವ ಪಾಪ್ ಯಾವ ಉದ್ಯೋಗಕ್ಕೆ ತಕ್ಕದ್ದೆಂಬುದನ್ನು ಯಂತ್ರವು ಮತ್ತೆ ಮತ್ತೆ ತೂಗಿನೋಡಬೇಕಾಯಿತು. ಆರ್ಥಿಕ ಜೀವನದ ಚಿತ್ರಣವು ಸಮೃದ್ಧವಾಯಿತೆಂಬುದು ನಿಜ. ಆದರೆ ಕೊನೆಗಾಲದ ಮಂದಗತಿಯು ಆಟಗಾರರ ದೊಡ್ಡ ದೂರಾದದ್ದೂ ಆಗಲೇ.

ಅನಂತರದ ಪರಿಹಾರಗಳನ್ನು ನಾವು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಎಣಿಕೆಯನ್ನು ಚುರುಕುಗೊಳಿಸುವುದು. 2019ರ ಜೂನಿನಲ್ಲಿ ಆಟವನ್ನು 64 ಬಿಟ್ ವ್ಯವಸ್ಥೆಗೆ ಒಯ್ದರು. ಮುಂದೆ ಉದ್ಯೋಗದ ಲೆಕ್ಕವನ್ನೂ ತಿದ್ದಿದರು. ಎರಡನೆಯದು, ಎಣಿಸಬೇಕಾದವರನ್ನೇ ಕಡಿಮೆ ಮಾಡುವುದು. 2021ರ ಏಪ್ರಿಲಿನ 3.0 ಪರಿಷ್ಕರಣದಿಂದ, ಸಾಮ್ರಾಜ್ಯದ ಜನ ಹೆಚ್ಚಿದಷ್ಟೂ ಹೊಸ ಪಾಪ್ ಹುಟ್ಟುವುದಕ್ಕೆ ಹೆಚ್ಚು ಕಾಲ ಹಿಡಿಯತೊಡಗಿತು. ಮೂರನೆಯದು, ಬಿಡಿಯಾಗಿ ಎಣಿಸುವುದನ್ನೇ ಬಿಡುವುದು. 2025ರ ಮೇ ತಿಂಗಳ 4.0 ಪರಿಷ್ಕರಣದಲ್ಲಿ ಒಂದು ಪಾಪನ್ನು ನೂರಾಗಿ ಬಿಡಿಸಿ, ಒಂದೇ ಜಾತಿಯ, ಒಂದೇ ಸ್ತರದ, ಒಂದೇ ನಿಲುವಿನ ಜನರನ್ನು ಗುಂಪುಗೂಡಿಸಿದರು. ಗುಂಪಿನಲ್ಲಿ ಎಷ್ಟೇ ಜನರಿದ್ದರೂ ಯಂತ್ರದ ಪಾಲಿಗೆ ಅದು ಒಂದು ಬಾಬತ್ತು. ವ್ಯಾಪಾರಮಾರ್ಗಗಳ ಲೆಕ್ಕವನ್ನೂ ಆಗಲೇ ಕೈಬಿಟ್ಟರು. ಹೊಸ ಏರ್ಪಾಡು ಹೊರಬಂದ ಮೊದಲಲ್ಲಿ ಮತ್ತೆ ದೂರುಗಳೆದ್ದವೆಂಬುದನ್ನೂ ಇಲ್ಲಿ ಹೇಳಬೇಕು.

ಆಟಗಾರರು ತಾವಾಗಿ ಕಂಡುಕೊಂಡ ಉಪಾಯಗಳೂ ಉಂಟು. ಕೆಲವರು ಚಿಕ್ಕ ಬ್ರಹ್ಮಾಂಡವನ್ನು ಆರಿಸಿಕೊಂಡರು; ಕೆಲವರು ವಾಸಯೋಗ್ಯ ಗ್ರಹಗಳನ್ನು ಕಡಿಮೆ ಮಾಡಿದರು. ಆಟದ ನಿಯಮಗಳಲ್ಲಿ ಜನಾಂಗವೊಂದನ್ನು ನಿರ್ಮೂಲಗೊಳಿಸುವುದಕ್ಕೂ ಅವಕಾಶವಿದೆ. ಗ್ರಹಗಳನ್ನು ಬರಿದು ಮಾಡಿದರೆ ಆಟ ಚುರುಕಾಗುತ್ತದೆ ಎಂಬ ಮಾತು ಆಟಗಾರರ ನಡುವೆ ಬಳಕೆಯ ಹಾಸ್ಯವಾಯಿತು. ಇದನ್ನು ಬರಿಯ ವಿನೋದವೆಂದು ನಗುತ್ತ ಬಿಟ್ಟುಬಿಡಲು ನಮಗೆ ಮನಸ್ಸಾಗದು. ಇಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ, ದಿಟ. ಆದರೂ ಪ್ರಜೆಯು ಲೆಕ್ಕಕ್ಕೆ ಭಾರವೆಂದು ತೋರಿದೊಡನೆ ಅವನಿಲ್ಲದಿರುವುದೇ ಅನುಕೂಲವೆಂಬ ಬುದ್ಧಿಯು ಎಷ್ಟು ಸುಲಭವಾಗಿ ಹುಟ್ಟುತ್ತದೆಂಬುದನ್ನು ಇದು ಕಾಣಿಸಿಕೊಡುತ್ತದೆ.

ಮೇಲಣ ಮೂರು ಪರಿಹಾರಗಳಲ್ಲಿ ಮೂರನೆಯದು ನಮ್ಮ ವೃತ್ತಿಗೆ ತೀರ ಹತ್ತಿರದ್ದು. ನಾವೂ ‘ರೈತರು’, ‘ವರ್ತಕರು’, ‘ಸೈನಿಕರು’ ಎಂದು ಗುಂಪು ಕಟ್ಟಿಯೇ ಬರೆಯುತ್ತೇವೆ. ಪ್ರತಿಯೊಬ್ಬನನ್ನೂ ಹೆಸರಿಸಹೊರಟರೆ ಒಂದು ಶತಮಾನದ ಚರಿತ್ರೆಗೆ ಹತ್ತು ಶತಮಾನಗಳು ಸಾಲವು. ಗುಂಪು ಕಟ್ಟುವುದು ತಪ್ಪಲ್ಲ, ಅನಿವಾರ್ಯ. ಆದರೆ ಅದು ನಮ್ಮ ಶಕ್ತಿಯ ಮಿತಿಯಿಂದ ಬಂದುದೇ ಹೊರತು ಆ ಜನರ ಸ್ವಭಾವದಿಂದ ಬಂದುದಲ್ಲ. ಆಟವನ್ನು ಕಟ್ಟಿದವರಿಗೆ ಯಂತ್ರವೇ ಈ ಮಿತಿಯನ್ನು ತೋರಿಸಿಕೊಟ್ಟಿತು. ನಮ್ಮ ಲೇಖನಿಯು ಎಂದೂ ಹಾಗೆ ತಡವರಿಸದಾದ್ದರಿಂದ, ಅದನ್ನು ನಾವೇ ನೆನಪಿನಲ್ಲಿಟ್ಟುಕೊಳ್ಳಬೇಕಾಗಿದೆ.