ಮಳವಳ್ಳಿಗೆ ಬಂದಿದ್ದ ಡಬ್ಲಿನ್ ಹುಡುಗ

ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ಸ್ ಡೇ. ಸ್ಕೂಲಲ್ಲಿ ಮಾಡಿಸಿದ ಮೂರೆಲೆಯ ಹಸಿರು ಕಾಗದವನ್ನು ಅಂಗಿಗೆ ಸಿಕ್ಕಿಸಿಕೊಂಡು, ಮದ್ದೂರು ವಡೆ ತಿನ್ನುತ್ತಾ ಮಗಳು ಮಳವಳ್ಳಿಗೆ ಬಂದಳು.

‘ಇದ್ಯಾವ್ ಹಬ್ಬ ಮಗಾ?’ ಅಂದ್ರು ಅಜ್ಜಿ.

‘ಐರ್ಲೆಂಡ್‌ದು. ಅಪ್ಪಾ, ಅಲ್ಲಿಂದ ಇಲ್ಲಿಗೆ ಯಾರಾದ್ರೂ ಬಂದಿದ್ರಾ?’

ಬಂದಿದ್ದ. ಡಬ್ಲಿನ್‌ನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿ. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯಲ್ಲಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ ಜನರಲ್ ಹ್ಯಾರಿಸ್‌ನ ಪಡೆಯಲ್ಲಿದ್ದ. ಗವರ್ನರ್ ಜನರಲ್ ಬೇರೆ ಯಾರೂ ಅಲ್ಲ, ಇವನಣ್ಣ! ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ನನ್ನನ್ನು ಕಾಡೋದು ಬೇರೆ. ಹಿಂದಿನ ವರ್ಷವಷ್ಟೇ, 1798ರಲ್ಲಿ, ಐರ್ಲೆಂಡಿನವರೂ ಬ್ರಿಟಿಷರ ಮೇಲೆ ದಂಗೆಯೆದ್ದು ಸೋತಿದ್ದರು. ಆ ದಂಗೆಕೋರರ ಬಣ್ಣ ಹಸಿರು.

‘ಅವ್ನೂ ಹಸಿರು ಹಾಕಿದ್ನಾ ಅಪ್ಪಾ?’

‘ಇಲ್ಲ ಪುಟ್ಟಾ, ಕೆಂಪು ಕೋಟು.’